ಒಂದು ಸಲ ಹೆಸರು ಹೇಳಲಿ

ಹಿಂದೆ ಎಲ್ಲೋ ಒಂದು ಲೋಟ ಉರುಳುತ್ತಿದೆ, ಎಡಕ್ಕೆ ತಿರುಗಿದರೆ ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ, ಸ್ಟೀಲಿನ ಲೋಟವೇ ಇರಬೇಕು, ಬೆಳಿಗ್ಗೆ ಕಾಫಿ ಕುಡಿದು ತೊಳೆದಿಟ್ಟ ಮೇಲೆ ಕಪಾಟಿನ ಚಿಲಕ ಹಾಕಲು ಮರೆತದ್ದು ಅವರೋ ತಾನೋ, ಅವರೇ ಇರಬೇಕು, ಇಲ್ಲ ತಾನೇ ಇರಬಹುದು, ಈಗೀಗ ಏನು ಮರೆತು ಹೋದರೂ ಅವರ ತಲೆಗೇ ಕಟ್ಟುವ ಚಾಳಿ ಹತ್ತಿಬಿಟ್ಟಿದೆ ಊರ್ಮಿಳಾಗೆ — ನಿಲ್ಲಿಸಿ ನೋಡೋಣವೆಂದರೆ ಈ ಏಳು ಮೀಟರಿನ ಮೋಟರ್‌ಹೋಮನ್ನು ಹೈವೇ ಪಕ್ಕಕ್ಕೆ ತಂದು ನಿಲ್ಲಿಸುವುದೇನು ಸುಲಭವೇ, ಅಡುಗೆಮನೆ, ಮಂಚ, ಕಕ್ಕಸು ಎಲ್ಲವನ್ನೂ ಬೆನ್ನಿಗೆ ಕಟ್ಟಿಕೊಂಡು ಓಡಿದ ಹಾಗೆ, ಬ್ರೇಕ್ ಒತ್ತಿದರೆ ಮನೆಯೆಲ್ಲ ಮುಂದಕ್ಕೆ ಬರುತ್ತದೆ, ಉರುಳಲಿ ಬಿಡು. ಬ್ಲ್ಯಾಕ್‌ಟೌನ್‌ನ ಮನೆಯಿಂದ ಪೆಂಡಲ್ ಹಿಲ್‌ಗೆ ಇಡ್ಲಿ ಅಕ್ಕಿ ತರುವುದಕ್ಕೆ ಪುಟ್ಟ ಕಾರು ಓಡಿಸಿದ್ದೇ ಅವಳ ಡ್ರೈವಿಂಗು, ಅದರಲ್ಲೂ ಮಳೆ ಬಂದರೆ ಬೇಡ, ಟ್ರಕ್ ಕಂಡರೆ ಬೇಡ, ಅಂಥವಳು ಹತ್ತು ದಿನದಿಂದ ಸಿಡ್ನಿಯಿಂದ ಮರುಭೂಮಿಗೆ, ಮರುಭೂಮಿಯಿಂದ ಮೆಲ್ಬರ್ನ್‌ಗೆ ಇದನ್ನು ಓಡಿಸುತ್ತಿದ್ದಾಳೆ, ಪಕ್ಕದಲ್ಲಿ ಅವರು, ಅವಳ ಗಂಡ ತ್ರಿವಿಕ್ರಮ, ಆಫೀಸಿನವರಿಗೆ ವಿಕ್, ಅವಳಿಗೆ ಮೂವತ್ತು ವರ್ಷದಿಂದ ಬರೀ ರೀ, ಇಲ್ಲದ ಬ್ರೇಕನ್ನು ಬಲಗಾಲಲ್ಲಿ ಒತ್ತುತ್ತ, ಸ್ಲೋ, ಸ್ಲೋ ಮಾಡೇ, ಅವನಿಗೆ ದಾರಿ ಬಿಡು, ಏನು ಅರ್ಜೆಂಟು ನಿನಗೆ. ಮೆಲ್ಬರ್ನ್ ತೊಂಬತ್ತು ಕಿಲೋಮೀಟರ್ ಎಂದಿತು ಹಸಿರು ಬೋರ್ಡು. ಹನ್ನೆರಡಕ್ಕೆ ಡ್ಯಾಂಡಿನಾಂಗ್‌ನಲ್ಲಿ ವ್ಯಾನ್ ವಾಪಸು ಕೊಡಬೇಕು, ಮಗ ಅದ್ವಿಕ್, ಸೊಸೆ ಲವಿಟಾ ಅಲ್ಲಿಗೇ ಬರುತ್ತಾರೆ, ಅಷ್ಟರೊಳಗೆ ಒಂದೇ ಒಂದು ಸಲ, ತಪ್ಪಿ ಬಾಯಿಂದ ಜಾರಿ ಬಿದ್ದರೂ ಸಾಕು, ಅವರು ಅವಳ ಹೆಸರು ಹೇಳಲಿ.

ಏನು ಹುಚ್ಚು ಆಸೆ ಇದು, ಮೂವತ್ತು ವರ್ಷ ಹೇಳದವರು ಇವತ್ತು ಯಾಕೆ ಹೇಳುತ್ತಾರೆ — ಏನೇ, ನೋಡೇ, ಇವಳೇ, ಜನರ ಮುಂದೆ ಅದ್ವಿಕ್ ಅಮ್ಮ, ಇಂಗ್ಲಿಷಿನವರ ಮುಂದೆ ಮೈ ವೈಫ್, ಅಷ್ಟರಲ್ಲೇ ಸಂಸಾರ ನಡೆದುಹೋಯಿತಲ್ಲ, ಮೈಸೂರಿನ ಅತ್ತೆ ಮೊದಲ ದಿನವೇ ಹೇಳಿದ್ದರು ನಮ್ಮನೇಲಿ ಹೆಸರು ಹಿಡಿದು ಕರೆಯೋ ಪದ್ಧತಿ ಇಲ್ಲಮ್ಮ, ಅದು ಹೆಂಡತಿಗೆ ಹೇಳಿದ ಮಾತಾದರೂ ಗಂಡನೂ ಪಾಲಿಸಿಕೊಂಡು ಬಂದರು, ಅದರಲ್ಲಿ ಕೋಪವಿಲ್ಲ, ಪ್ರೀತಿಗೆ ಕಡಿಮೆಯೂ ಇಲ್ಲ, ಅಡುಗೆಮನೆಯಲ್ಲಿದ್ದವಳಿಗೆ ಹಾಲ್‌ನಿಂದ ಏನೇ ಅಂದರೆ ಆ ಏನೇ ಎಂಬುದರಲ್ಲೇ ಕಾಫಿ ಬೇಕೋ, ಕನ್ನಡಕ ಸಿಗುತ್ತಿಲ್ಲವೋ, ಸುಮ್ಮನೆ ಬಾ ಅಂತಲೋ ಗೊತ್ತಾಗುತ್ತಿತ್ತು. ಈಗ ಅದೇ ಮುಳುವಾಗಿದೆ. ಬೇರೆಯವರ ಮನೆಯಲ್ಲಾದರೆ ಹೆಂಡತಿಯ ಹೆಸರು ಮರೆತ ದಿನವೇ ಗೊತ್ತಾಗುತ್ತದೆ, ಪಕ್ಕದ ಮನೆಯ ಗ್ರೆಗ್ ದಿನಕ್ಕೆ ಐವತ್ತು ಸಲ ಸ್ಯಾಂಡ್ರಾ ಸ್ಯಾಂಡ್ರಾ ಅನ್ನುತ್ತಾನೆ, ಒಂದು ದಿನ ಅನ್ನದಿದ್ದರೆ ಆ ಸ್ಯಾಂಡ್ರಾಗೆ ತಿಳಿಯುತ್ತದೆ, ಇವಳಿಗೆ ಹೇಗೆ ತಿಳಿಯಬೇಕು? ಕಾರಿನ ಕೀಲಿ ಅಕ್ಕಿ ಡಬ್ಬದಲ್ಲಿ ಸಿಕ್ಕಿತು, ಹೋಗಲಿ ಅಂದುಕೊಂಡಳು, ಹತ್ತೊಂಬತ್ತು ವರ್ಷ ಸುತ್ತಿದ ರೌಂಡಬೌಟಿನಲ್ಲಿ ನಿಂತು ಫೋನ್ ಮಾಡಿದರು ಏನೇ, ನಾನು ಎಲ್ಲಿದೀನೇ ಅಂತ, ಆದರೂ ಏನೇ ಎಂದರಲ್ಲ, ನನ್ನ ನಂಬರಿಗೇ ಮಾಡಿದರಲ್ಲ ಎಂದು ಮನಸ್ಸಿಗೆ ತಾನೇ ಬೆಣ್ಣೆ ಸವರಿಕೊಂಡಳು. ಆ ನಂಬರು ಫೋನಿನಲ್ಲಿ ಹೋಮ್ ಅಂತ ಇದೆ.

ಬಲಗಡೆ ಒಂದು ಟ್ರಕ್, ಅಯ್ಯೋ ಶಿವನೇ, ಹೋಗಪ್ಪ ಹೋಗು, ಗಾಳಿಗೆ ವ್ಯಾನೆಲ್ಲ ಅಲ್ಲಾಡಿತು, ಅವರು ಕಿಟಕಿಯ ಮೇಲಿನ ಹಿಡಿ ಹಿಡಿದುಕೊಂಡರು, ಭಯ ಆಯ್ತೇನ್ರೀ ಅಂದಳು, ನನಗ್ಯಾತರ ಭಯ, ನೀನು ರೋಡ್ ನೋಡು — ಈ ಗತ್ತು ಎಲ್ಲೂ ಹೋಗಿಲ್ಲ, ಡಾಕ್ಟರ ಮುಂದೆಯೂ ಹೀಗೇ ಎದೆ ಉಬ್ಬಿಸಿ ಕೂತಿದ್ದರು, ಅದನ್ನು ನೋಡಿಯೇ ಅವಳಿಗೆ ಆ ದುರ್ಬುದ್ಧಿ ಬಂದದ್ದು. ಬೆಳ್ಳಿಕೂದಲಿನ ಒಳ್ಳೆಯ ಹೆಂಗಸು ಡಾಕ್ಟರು, ನೆನಪಿನ ಪರೀಕ್ಷೆ, ಮೂವತ್ತು ಮಾರ್ಕು, ಇವತ್ತು ಯಾವ ವಾರ ವಿಕ್ ಅಂತ ಕೇಳಿದಳು, ಅವರು ಗೋಡೆ ನೋಡಿದರು, ಗೋಡೆಯಲ್ಲಿ ಕ್ಯಾಲೆಂಡರ್ ಇರಲಿಲ್ಲ, ಕತ್ತಿನ ನರ ಎದ್ದು ನಿಂತಿತು, ಬೆವರು, ಆ ಬೆವರನ್ನು ಅವಳಿಂದ ನೋಡಲಾಗಲಿಲ್ಲ, ಬ್ಯಾಗಿನಲ್ಲಿ ಏನೋ ಹುಡುಕುವ ಹಾಗೆ ಬಗ್ಗಿ ಗುರುವಾರ ಗುರುವಾರ ಎಂದು ಗೊಣಗಿದಳು. ಥರ್ಸ್‌ಡೇ, ಅಂದರು ಅವರು, ಗತ್ತಿನಿಂದ. ಏನು ಹೇಳಿದಿರಿ ಎಂದು ಡಾಕ್ಟರು ಕೇಳಿದ್ದಕ್ಕೆ ಟೆನ್ಷನ್ ಮಾಡ್ಕೋಬೇಡಿ ಅಂದೆ ಎಂದಳು, ಸೋ ಸ್ವೀಟ್ ಅಂದಳು ಆ ಪುಣ್ಯಾತ್ಗಿತ್ತಿ, ಅಲ್ಲಿಂದ ಶುರುವಾಯಿತು ನೋಡಿ, ಮೂರು ಪದ ನೆನಪಿಟ್ಟುಕೊಳ್ಳಿ, ಸ್ಪೂನ್, ವಿಂಡೋ, ಹಾರ್ಸ್, ಐದು ನಿಮಿಷ ಬಿಟ್ಟು ಕೇಳುತ್ತೇನೆ, ಐದು ನಿಮಿಷ ಬಿಟ್ಟು ಕೇಳಿದಾಗ ಇವಳು ಕೆಮ್ಮಿನ ನಡುವೆ ಚಮಚ, ದೇವರ ನಾಮ ಗುನುಗುವ ಹಾಗೆ ಕಿಟಕಿ, ಕುದುರೆ — ಕನ್ನಡ ಎಂಬುದು ಆ ಕೋಣೆಯಲ್ಲಿ ಅವರಿಬ್ಬರಿಗೇ ಗೊತ್ತಿದ್ದ ಕಳ್ಳದಾರಿ. ಇನ್‌ಸ್ಪೆಕ್ಟರ್ ಬಂದಾಗ ಹಿಂದಿನ ಬೆಂಚಿನಿಂದ ಉತ್ತರ ಹೇಳಿಕೊಡುವ ಹುಡುಗಿಯ ಹಾಗೆ ಐವತ್ತಾರು ವರ್ಷದ ಹೆಂಗಸು. ಕೊನೆಗೆ ಡಾಕ್ಟರು ಕೇಳಿದಳು, ನಿಮ್ಮ ಜೊತೆ ಯಾರು ಬಂದಿದ್ದಾರೆ, ಮೈ ವೈಫ್, ಸರಿ, ಅವರ ಹೆಸರೇನು? ಅಲ್ಲೇ ಇತ್ತು ಅವಳಿಗೆ ಬೇಕಾದ ಉತ್ತರ, ಒಂದು ಗುಟುಕು ಹೊತ್ತು ಕಾದಿದ್ದರೆ ಸಿಕ್ಕಿಬಿಡುತ್ತಿತ್ತು, ಆದರೆ ಈ ಹಾಳು ಬಾಯಿ, ಊರ್ಮಿಳಾ, ಯು ಆರ್ ಎಂ ಐ ಎಲ್ ಎ, ಎಂದು ಸ್ಪೆಲಿಂಗ್ ಸಮೇತ ಅವಳೇ ಒದರಿಬಿಟ್ಟಳು. ಮೂವತ್ತಕ್ಕೆ ಇಪ್ಪತ್ತೇಳು ಬಂತು. ವಯಸ್ಸಿಗೆ ಸಹಜ, ವರ್ಷ ಬಿಟ್ಟು ಬನ್ನಿ ಎಂದಳು ಡಾಕ್ಟರು. ಇಪ್ಪತ್ತೇಳು ಬಂದದ್ದು ನಿನಗೆ ಕಣಮ್ಮಾ, ಊರ್ಮಿಳಾ, ಅವರಿಗೆ ಎಷ್ಟು ಬಂತು ಎಂದು ಯಾರಿಗೂ ಗೊತ್ತಿಲ್ಲ.

ದ್ಯಾಟ್ಸ್ ಆಸಮ್ ಅಮ್ಮಾ, ಎಂದ ಅದ್ವಿಕ್ ಫೋನಿನಲ್ಲಿ, ಟ್ವೆಂಟಿ ಸೆವೆನ್ ಈಸ್ ಲೈಕ್ ಬೆಟರ್ ದ್ಯಾನ್ ಮಿ, ಖುಷಿಗೆ ಅವತ್ತೇ ಈ ವ್ಯಾನ್ ಬುಕ್ ಮಾಡಿದ, ಅಪ್ಪ ಯಾವಾಗಿನಿಂದ ಡೆಸರ್ಟ್ ಡೆಸರ್ಟ್ ಅಂತಿದ್ರಲ್ಲ, ಮೂವತ್ತನೇ ಆ್ಯನಿವರ್ಸರಿಗೆ ನಮ್ಮ ಕಡೆಯಿಂದ, ಸಿಡ್ನಿಯಲ್ಲಿ ಹತ್ತಿ ಮೆಲ್ಬರ್ನ್‌ನಲ್ಲಿ ಇಳಿದುಬಿಡಿ. ಬೇಡ ಎಂದು ಯಾವ ಬಾಯಿಂದ ಅನ್ನುವುದು, ಬೇಡ ಅಂದರೆ ಯಾಕೆ ಅಂತಾನೆ, ಯಾಕೆ ಅಂದರೆ ಎಲ್ಲ ಹೇಳಬೇಕು. ಬಾಡಿಗೆ ಆಫೀಸಿನ ಹುಡುಗಿ ಡ್ರೈವರ್ ಯಾರು ಎಂದಾಗ ಅವರು ಲೈಸೆನ್ಸ್ ಹೊರಗೆ ತೆಗೆದಿದ್ದರು, ನಾನು ಅಂದಳು ಊರ್ಮಿಳಾ, ನಾನೊಬ್ಬಳೇ, ಅವರು ಅವಳನ್ನು ನೋಡಿದ ನೋಟ — ನನಗೂ ಆಸೆ ರೀ, ಒಂದು ಸಲ ನನ್ನನ್ನೂ ಓಡಿಸಕ್ಕೆ ಬಿಡ್ರೀ, ಎಂದು ಎಳೆಹುಡುಗಿಯ ಹಾಗೆ ನಕ್ಕಳು, ಲೈಸೆನ್ಸು ಪರ್ಸಿಗೆ ವಾಪಸು ಹೋಯಿತು, ಅದಕ್ಕೇ ಚಕ್ರಗಳಿಗೆ ನಿಂಬೆಹಣ್ಣು ಇಡುವ ಕೆಲಸ ಅವರಿಗೆ ಕೊಟ್ಟಳು, ಬಾಡಿಗೆ ಗಾಡಿಯಾದರೇನು ಗಾಡಿಯಲ್ಲವೇ, ಅವರು ಮೂರು ಚಕ್ರಕ್ಕೆ ಇಟ್ಟು ನಾಲ್ಕನೆಯ ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತರು, ಇದನ್ನ ಏನು ಮಾಡ್ಬೇಕೇ, ಆ ಹುಡುಗಿ ಪಾಪ ಏನೋ ಆಯಿಲ್ ಲೀಕ್ ಚೆಕ್ ಮಾಡುವ ವಿಧಾನ ಅಂದುಕೊಂಡಿರಬೇಕು, ಹೂಂ ಹೂಂ ಎಂದು ತಲೆ ಆಡಿಸಿದಳು. ಆಮೇಲೆ ಬರೀ ದಾರಿ, ಬರೀ ಕೆಂಪು ಮಣ್ಣು, ಸತ್ತ ಕಾಂಗರೂಗಳು, ಒಂದು ಮರ ಬಂದರೆ ಇಬ್ಬರೂ ಮರ ನೋಡು ಅನ್ನುವಷ್ಟು ಬಯಲು. ಹಣ್ಣಿನ ನೊಣದ ಗಡಿ ಬಂತು, ಮುಂದೆ ದ್ರಾಕ್ಷಿ ಕಿತ್ತಳೆ ತೋಟಗಳಂತೆ, ಅವಕ್ಕೆ ಆ ನೊಣ ಹತ್ತಬಾರದೆಂದು ಹಣ್ಣು ತರಕಾರಿ ಇಲ್ಲಿಂದಾಚೆ ಒಯ್ಯುವಂತಿಲ್ಲ, ತಂದದ್ದನ್ನೆಲ್ಲ ರಸ್ತೆ ಬದಿಯ ತೊಟ್ಟಿಗೆ ಹಾಕಿ ಹೋಗಿ ಎಂದು ಬೋರ್ಡು, ಅವಳು ಟೊಮ್ಯಾಟೋ, ಕರಿಬೇವು, ಮಾವಿನಕಾಯಿ ಎಲ್ಲ ಕಣ್ಣು ಮುಚ್ಚಿ ಹಾಕಿದಳು, ಬಾಳೆಹಣ್ಣಿನ ಚಿಪ್ಪನ್ನು ಮಾತ್ರ ಅವರು ಬಿಡಲಿಲ್ಲ, ಅನ್ನ ಬಿಸಾಡಿದ ಹಾಗೆ ಕಣೇ ಅದು, ಎಂದು ಬಿಸಿಲಲ್ಲಿ ನಿಂತು ತಿನ್ನತೊಡಗಿದರು, ಒಂದು, ಎರಡು, ನಾಲ್ಕು, ಸಾಕು ಬಿಡ್ರೀ ಅಂದರೂ ಕೇಳದೆ, ಆರನೆಯದರ ಸಿಪ್ಪೆ ಸುಲಿದು ಅವಳಿಗೆ ಕೊಟ್ಟು ಕೇಳಿದರು, ನಿಮ್ಮನೆಯವರು ಬಂದಿಲ್ವಾ. ಬಿಸಿಲು. ಬಿಸಿಲಿಗೆ ಹಾಗಂದಿರಬೇಕು. ಮರುಕ್ಷಣವೇ ಏನೇ, ನೀರು ಕೊಡೇ ಅಂದರಲ್ಲ, ಅಂದಮೇಲೆ ಬಿಸಿಲೇ.

ಅವರ ಆ ಡೆಸರ್ಟ್ ಎಂದರೆ ಮುಂಗೋ ನ್ಯಾಷನಲ್ ಪಾರ್ಕು, ಅಲ್ಲಿಗೆ ಹೋಗುವ ದಾರಿ ಮಣ್ಣಿನದು, ಬಾಡಿಗೆ ವ್ಯಾನನ್ನು ಮಣ್ಣಿಗೆ ಇಳಿಸಬಾರದೆಂದು ಕರಾರಿನಲ್ಲೇ ಇದೆ, ಬುಕ್ ಮಾಡಿದ ಮಗರಾಯ ಅದನ್ನೆಲ್ಲಿ ಓದಿದ, ಕೊನೆಗೆ ಮಿಲ್ಡುರಾದಲ್ಲಿ ವ್ಯಾನ್ ಬಿಟ್ಟು ಟೂರ್ ಬಸ್ಸಿನಲ್ಲಿ ಹೋದರು, ಹತ್ತು ವರ್ಷದಿಂದ ಬಯಸಿದ ಜಾಗ, ಹೆಸರಿಗೆ ಕೆರೆ, ನೀರು ಬತ್ತಿ ಎಷ್ಟೋ ಸಾವಿರ ವರ್ಷ, ಅಂಚಿನಲ್ಲಿ ಗಾಳಿ ಕೆತ್ತಿದ ಬಿಳಿ ಮಣ್ಣಿನ ಗೋಡೆಗಳು, ಅವರು ಬಹಳ ಹೊತ್ತು ನಿಂತಿದ್ದರು, ಟೋಪಿ ತೆಗೆದು, ಚೆನ್ನಾಗಿದೆ ಅಂದರು, ಏನೂ ಇಲ್ಲ ನೋಡು, ಏನೂ ಬೇಕಾಗೇ ಇಲ್ಲ ಇದಕ್ಕೆ. ಆ ಮಾತು ಕೇಳಿ ಅವಳಿಗೆ ಅಳು ಬಂತು, ಮೂವತ್ತು ವರ್ಷದಲ್ಲಿ ಅಷ್ಟು ಒಳ್ಳೆಯ ಮಾತು ಅವರು ಆಡಿದ್ದೇ ಇಲ್ಲ, ಇಂಥ ಮಾತು ಆಡುವವರು ಯಾವುದನ್ನೂ ಮರೆತಿರಲಾರರು ಎಂದುಕೊಂಡಳು, ಆ ಧೈರ್ಯದಲ್ಲೇ ಭೇಟಿ ಕೊಟ್ಟವರು ಬರೆಯುವ ಪುಸ್ತಕವನ್ನು ಅವರ ಮುಂದೆ ದೂಡಿದಳು, ನೀವೇ ಬರೀರಿ, ನನ್ನ ಕನ್ನಡಕ ಬಸ್ಸಲ್ಲಿದೆ, ಇಬ್ಬರ ಹೆಸರೂ ಬರೀರಿ. ಪೆನ್ನು ಹಿಡಿದು ದುಂಡಗೆ ಬರೆದರು, ತ್ರಿವಿಕ್ರಮ ಆ್ಯಂಡ್ ಫ್ಯಾಮಿಲಿ, ಸಿಡ್ನಿ. ಮದುವೆ ಮುಯ್ಯಿಯ ಕವರಿನ ಮೇಲೆ ಜೀವಮಾನವಿಡೀ ಬರೆದದ್ದೇ ಹಾಗಲ್ಲವೇ, ಇದಕ್ಕೆ ಅಳುವುದೋ ನಗುವುದೋ. ನೇರವಾಗಿ ಕೇಳಿಬಿಡು ಎಂದಿತು ಮನಸ್ಸು, ಕೇಳಿದರೆ ಮುಗಿಯಿತು, ರೀ, ನನ್ನ ಹೆಸರೇನ್ರೀ — ಗೊತ್ತಿದ್ದರೆ ಏನು ನನಗೆ ತಲೆ ಕೆಟ್ಟಿದೆ ಅಂದ್ಕೊಂಡಿದೀಯಾ ಎಂದು ಎರಡು ದಿನ ಮಾತು ಬಿಡುತ್ತಾರೆ, ಬಿಡಲಿ, ಸಂತೋಷವಾಗಿ ಬಿಡಲಿ, ಗೊತ್ತಿಲ್ಲದಿದ್ದರೆ? ಗೊತ್ತಿಲ್ಲದಿದ್ದರೆ ಗೋಡೆ ನೋಡುತ್ತಾರೆ, ಕತ್ತಿನ ನರ ಎದ್ದು ನಿಲ್ಲುತ್ತದೆ, ಅದನ್ನು ನೋಡಲಾಗದೆ ಅವಳೇ ಹೇಳಿಕೊಟ್ಟುಬಿಡುತ್ತಾಳೆ. ಅವಳಿಗೆ ತನ್ನ ಮೇಲೇ ನಂಬಿಕೆಯಿಲ್ಲ.

ಊರು ಬಂತು, ಲೇನುಗಳು ಎರಡಿದ್ದದ್ದು ನಾಲ್ಕಾದವು, ಜಿಪಿಎಸ್ಸಿನ ಹೆಂಗಸು ಕೀಪ್ ರೈಟ್ ಕೀಪ್ ರೈಟ್ ಎಂದು ಜೀವ ತಿನ್ನುತ್ತಾಳೆ, ಎಷ್ಟು ಚೆನ್ನಾಗಿ ಹೇಳ್ತಾಳೆ ನೋಡು ಆ ಹುಡುಗಿ, ಹೊಸಬಳಾ, ಎಂದು ಅವರು ಕೇಳಿದರು, ಹೂಂ ರೀ ಹೊಸಬಳು, ಫ್ಯಾಕ್ಟರಿ ಶೆಡ್ಡುಗಳು, ಟೈರ್ ಅಂಗಡಿ, ಗೋಡೌನು, ಇನ್ನೊಂದು ಗೋಡೌನು, ಡ್ಯಾಂಡಿನಾಂಗ್‌ಗೆ ಮೋಡ ಕವಿದಿತ್ತು, ಅಂಗಳದ ತುಂಬ ಇಂಥವೇ ಬಿಳಿ ವ್ಯಾನುಗಳು ಸಾಲಾಗಿ ನಿಂತಿದ್ದವು, ಎಂಜಿನ್ ಆಫ್ ಮಾಡಿದಳು. ಅದ್ವಿಕ್ ಓಡಿ ಬಂದ, ಹೇ ಡ್ಯಾಡ್, ಯೂ ಸರ್ವೈವ್ಡ್ ಅಮ್ಮಾಸ್ ಡ್ರೈವಿಂಗ್, ಅವರು ಅವನ ಬೆನ್ನಿಗೆ ಗುದ್ದಿ ಅದ್ವಿಕ್, ದಪ್ಪ ಆಗಿದೀಯಲ್ಲೋ, ಅಂದರು, ಏನಮ್ಮ ಲವಿಟಾ, ಇವನಿಗೆ ಅಷ್ಟು ಊಟ ಹಾಕ್ಬೇಡ — ಅದ್ವಿಕ್ ಬಂತು, ಲವಿಟಾ ಬಂತು, ಎಷ್ಟು ಸಲೀಸಾಗಿ ಬಂತು, ಮೊನ್ನೆ ಮೊನ್ನೆ ಮನೆಗೆ ಬಂದ ಮಂಗಳೂರಿನ ಹುಡುಗಿಯ ಹೆಸರು ನಾಲಿಗೆ ತುದಿಯಲ್ಲೇ ಇದೆ, ಊರ್ಮಿಳಾಗೆ ಹೊಟ್ಟೆಕಿಚ್ಚಾಯಿತು, ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಎದೆಯಿಂದ ಏನೋ ಭಾರ ಇಳಿಯಿತು, ಎಲ್ಲ ನೆನಪಿದೆ ಇವರಿಗೆ, ನನ್ನದೇ ಹುಚ್ಚು, ಹತ್ತು ದಿನ ಸುಮ್ಮನೆ ಸತ್ತೆ. ಸಾಮಾನು ಇಳಿಸಿದರು, ಕುಕ್ಕರು, ಚಾದರ, ಚಟ್ನಿಪುಡಿ ಡಬ್ಬ, ಆಫೀಸಿನವರು ಬಂದು ಗೀರು ನೋಡುವ ತನಕ ಕಾಯಬೇಕಿತ್ತು, ಆಗ ಲವಿಟಾ ಫೋನ್ ಎತ್ತಿ ಹಿಡಿದಳು, ಅಂಕಲ್, ಆ್ಯನಿವರ್ಸರಿ ಅಲ್ವಾ ಮಾರಾಯ್ರೆ, ಆಂಟಿ ಊರಿನ ಕಡೆ ಅದೆಂಥದ್ದೋ ಉಂಟಂತೆ, ಪದ್ಯ ಕಟ್ಟಿ ಹೆಂಡತಿ ಹೆಸರು ಹೇಳುವುದು, ಒಡಪು, ಅದು ಒಂದು ಹೇಳಿ, ನಾನು ವಿಡಿಯೋ ಮಾಡ್ತೇನೆ.

ಗದಗಿನ ಮನೆ, ಮದುವೆ ಮುಗಿದ ಸಂಜೆ, ಹೊಸ್ತಿಲಿಗೆ ಅಡ್ಡ ನಿಂತ ಅತ್ತಿಗೆಯಂದಿರು, ಹೆಸರು ಹೇಳಿದ್ರ ಒಳಗ, ಇಲ್ಲಾಂದ್ರ ಹೊರಗ, ಮೈಸೂರಿನ ಮದುಮಗನಿಗೆ ಇದೆಲ್ಲಿ ಗೊತ್ತು, ಕೆಂಪಾಗಿ ನಿಂತಿದ್ದವರಿಗೆ ಅವಳ ಭಾವ ಕಿವಿಯಲ್ಲಿ ಹೇಳಿಕೊಟ್ಟದ್ದು, ಅವರು ಆ ಸೀಮೆಯ ಮಾತನ್ನು ಮೈಸೂರಿನ ನಾಲಿಗೆಯಲ್ಲಿ ತೊದಲಿದ್ದು, ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಮುದ್ದಿ, ಊರ್ಮಿಳಾ ನಕ್ಕರ ನನಗ್ಯಾಕ ನಿದ್ದಿ, ಹೋ ಎಂದು ನಕ್ಕ ಮನೆ, ಜೀವಮಾನದಲ್ಲಿ ಅವರು ಅವಳ ಹೆಸರು ಹೇಳಿದ್ದು ಅದೊಂದೇ ಸಲ — ಬೇಡ ಬಿಡಮ್ಮ ಲವಿಟಾ, ಅನ್ನಲು ಬಾಯಿ ತೆರೆದಳು ಊರ್ಮಿಳಾ, ಮುಚ್ಚಿಕೊಂಡಳು. ಗೊತ್ತಾಗಲಿ. ಈ ಸಲ ಹೇಳಿಕೊಡುವುದಿಲ್ಲ, ಕೆಮ್ಮುವುದಿಲ್ಲ, ಗುನುಗುವುದಿಲ್ಲ, ಸೆರಗಿಲ್ಲದ ಜಾಕೆಟ್ಟಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಅವರು ಗಂಟಲು ಸರಿಮಾಡಿಕೊಂಡರು, ಎದೆ ಉಬ್ಬಿಸಿದರು, ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಮುದ್ದಿ, ಎಷ್ಟು ಸ್ಪಷ್ಟ, ಮೊದಲ ಸಲಕ್ಕಿಂತ ಸ್ಪಷ್ಟ, ಸೂಪರ್ ಅಂಕಲ್ ಎಂದಳು ಲವಿಟಾ, ಆಮೇಲೆ ನಿಂತಿತು. ಅವರು ಅದ್ವಿಕನನ್ನು ನೋಡಿದರು, ಫೋನನ್ನು ನೋಡಿದರು, ಎದುರಿಗಿದ್ದ ಊರ್ಮಿಳಾಳನ್ನು ನೋಡಿದರು, ನಕ್ಕರು, ಬೆಳಿಗ್ಗೆ ಕಸದ ಡಬ್ಬ ಹೊರಗಿಡುವಾಗ ಸ್ಯಾಂಡ್ರಾಗೆ ನಗುವ ನಗು. ಇರಿ ಇರಿ, ಅಂದರು, ಅವಳಿಲ್ಲದೆ ಅವಳ ಹೆಸರು ಹೇಳಿದ್ರೆ ಏನು ಚೆಂದ, ಕರ್ಕೊಂಡು ಬರ್ತೀನಿ, ಒಳಗೇನೋ ತೊಳೀತಿದಾಳೆ. ವ್ಯಾನಿನ ಮೆಟ್ಟಿಲಿಗೆ ಊರ್ಮಿಳಾ ಅಡ್ಡ ನಿಂತಿದ್ದಳು. ಎಕ್ಸ್‌ಕ್ಯೂಸ್ ಮಿ, ಎಂದರು. ಅವಳು ಸರಿದು ದಾರಿ ಬಿಟ್ಟಳು, ಬಿಟ್ಟಳಲ್ಲ, ಯಾಕೆ ಬಿಟ್ಟೆ, ಅದ್ವಿಕ್‌ನ ಮುಖದ ನಗು ಹಾಗೇ ಅಂಟಿಕೊಂಡಿದೆ, ಲವಿಟಾಳ ಫೋನು ಇನ್ನೂ ಎತ್ತಿಯೇ ಇದೆ, ಅವರು ತೆರೆದೇ ಇರುವ ಬಾಗಿಲ ಮೇಲೆ ಬೆರಳು ಮಡಚಿ ಟಕ್ ಟಕ್ ಎಂದು ಬಡಿದರು, ಏನೇ, ಬಾರೇ ಹೊರಗೆ, ಎಲ್ಲ ಕಾಯ್ತಿದಾರೆ, ತಲೆ ಬಾಗಿಸಿ ಕಿವಿಗೊಟ್ಟರು, ಮತ್ತೆ ಟಕ್ ಟಕ್, ಆ ಬೆನ್ನು, ಆ ಬಾಗಿದ ತಲೆ, ಖಾಲಿ ವ್ಯಾನು, ಏನೇ — ಬಂದೆ ರೀ, ಎಂದಳು ಊರ್ಮಿಳಾ, ಹಿಂದಿನಿಂದ, ಬಾಯಿ ತಾನೇ ಅಂದುಬಿಟ್ಟಿತು, ಇಲ್ಲಿದೀನಿ ರೀ. ಅವರ ಮುಖ ಅರಳಿತು, ಹಾಂ, ಬರ್ತಿದಾಳೆ, ಎಂದು ಎಲ್ಲರಿಗೂ ಹೇಳಿ, ವ್ಯಾನಿನ ಒಳಗೇ ಕಣ್ಣು ನೆಟ್ಟು, ಇಳಿಯುವವಳಿಗೆ ಆಸರೆಗೆಂದು ಒಂದು ಕೈ ಮುಂದೆ ಚಾಚಿ ನಿಂತರು, ಖಾಲಿ ವ್ಯಾನು, ಚಾಚಿದ ಕೈ, ತೆರೆದ ಬಾಗಿಲು, ಚಾಚಿದ ಕೈ.